ತಲೆಗೆ ಬಿದ್ದ ಸಣ್ಣ ಪೆಟ್ಟು: ಲೆಕ್ಕಕ್ಕೆ ಬಾರದವರು ಎಷ್ಟು ಮಂದಿ?



ಕೆಚ್ಚಲು ಬಾವು, ಕಾಲುಬಾಯಿ ಜ್ವರ, ಜಂತುಹುಳು ಎಂದು ಬರೆಯುತ್ತಿದ್ದ ದನದ ಡಾಕ್ಟರು ಈ ಸಲ ಮನುಷ್ಯರ ತಲೆಯ ವಿಷಯಕ್ಕೆ ಏಕೆ ಕೈ ಹಾಕಿದರು ಎಂದು ನೀವು ಕೇಳಬಹುದು. ಮನುಷ್ಯರಿಗೆ ಔಷಧಿ ಹೇಳುವುದು ನನ್ನ ಕೆಲಸವಲ್ಲ. ಅದಕ್ಕೆ ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿದ್ದಾರೆ. ಆದರೆ ವೈದ್ಯರ ಬಳಿಗೆ ಹೋಗದೆ ಉಳಿದುಬಿಡುವ ಪೆಟ್ಟುಗಳನ್ನು ಅವರಿಗಿಂತ ಮೊದಲು ಕಾಣುವವನು ನಾನು. ಏಕೆಂದರೆ ಅವುಗಳಲ್ಲಿ ಅನೇಕ ಪೆಟ್ಟುಗಳು ಬೀಳುವುದು ಕೊಟ್ಟಿಗೆಯಲ್ಲಿ ಮತ್ತು ಡೇರಿಯ ದಾರಿಯಲ್ಲಿ.

ಕೆಲವು ವರ್ಷಗಳ ಹಿಂದೆ ನನ್ನ ಮಾರ್ಗದ ಒಂದು ಸಂಘದಲ್ಲಿ ನಡೆದ ಸಂಗತಿ ಇದು. ಅಲ್ಲಿನ ಹಾಲು ಪರೀಕ್ಷಕರು ಬೆಳಗಿನ ಜಾವ ಡೇರಿಗೆ ಬರುವಾಗ ಮೊಪೆಡ್‌ನಿಂದ ಬಿದ್ದರು. ಹಣೆಯ ಮೇಲೆ ಬುಗುಟೆ ಎದ್ದಿತ್ತು, ರಕ್ತ ಬಂದಿರಲಿಲ್ಲ. ಎದ್ದು ಮಣ್ಣು ಕೊಡವಿಕೊಂಡು ಬಂದು ಎಂದಿನಂತೆ ಹಾಲು ಹಾಕಿಸಿಕೊಂಡರು. ಮುಂದಿನ ಹದಿನೈದು ದಿನಗಳಲ್ಲಿ ಅವರ ಪುಸ್ತಕದಲ್ಲಿ ತಪ್ಪುಗಳು ಕಾಣಿಸಿಕೊಂಡವು. ಒಬ್ಬರ ಲೀಟರು ಇನ್ನೊಬ್ಬರ ಹೆಸರಿನ ಮುಂದೆ, 4.1 ಬಂದ ಫ್ಯಾಟು 1.4 ಎಂದು, ಸ್ಯಾಂಪಲ್ ಬಾಟಲಿಗಳು ಅದಲುಬದಲು. ಬಟವಾಡೆಯ ದಿನ ಗಲಾಟೆಯಾಯಿತು. ದುಡ್ಡು ಹೊಡೆದಿದ್ದಾನೆ ಎಂದು ಕೆಲವರು, ಕುಡಿದು ಬರುತ್ತಾನೆ ಎಂದು ಕೆಲವರು. ಇಪ್ಪತ್ತು ವರ್ಷ ಒಂದು ಪೈಸೆಯ ದೂರು ಇಲ್ಲದ ಮನುಷ್ಯನನ್ನು ಕೆಲಸದಿಂದ ತೆಗೆಯಲು ಆಡಳಿತ ಮಂಡಳಿ ಸಭೆ ಕರೆಯಿತು. ಆ ಸಭೆಗೆ ನಾನೂ ಹೋಗಿದ್ದೆ. ಮುಂದೇನಾಯಿತು ಎಂಬುದನ್ನು ಕೊನೆಗೆ ಹೇಳುತ್ತೇನೆ.

ಏನಿದು ಸಣ್ಣ ಪೆಟ್ಟು?

ಮೆದುಳು ಬೆಣ್ಣೆಯಂತೆ ಮೆತ್ತಗಿನ ಅಂಗ. ತಲೆಬುರುಡೆಯೊಳಗೆ ನೀರಿನಂಥ ದ್ರವದ ನಡುವೆ ಕುಳಿತಿರುತ್ತದೆ. ತಲೆಗೆ ಜೋರಾದ ಏಟು ಬಿದ್ದಾಗ ಅಥವಾ ತಲೆ ರಭಸದಿಂದ ಅಲುಗಿದಾಗ, ಹೊರಗೆ ಗಾಯ ಕಾಣದಿದ್ದರೂ ಒಳಗೆ ಮೆದುಳು ಕುಲುಕಿ ಅದರ ಕೆಲಸ ಸ್ವಲ್ಪ ಕಾಲ ಏರುಪೇರಾಗುತ್ತದೆ. ಇದನ್ನು ವೈದ್ಯರು ಮೆದುಳಿನ ಲಘು ಪೆಟ್ಟು ಅಥವಾ ಕನ್‌ಕಷನ್ ಎನ್ನುತ್ತಾರೆ.

ಲಘು ಎಂದು ತೀರ್ಮಾನಿಸಲು ಒಂದು ಅಳತೆ ಇದೆ. 1974ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಟೀಸ್‌ಡೇಲ್ ಮತ್ತು ಜೆನ್ನೆಟ್ ಎಂಬ ವೈದ್ಯರು ರೂಪಿಸಿದ್ದು. ರೋಗಿ ಕಣ್ಣು ಬಿಡುವುದು, ಮಾತನಾಡುವುದು, ಕೈಕಾಲು ಆಡಿಸುವುದು ಈ ಮೂರನ್ನು ನೋಡಿ ಅಂಕ ಕೊಡುತ್ತಾರೆ. ಈಗ ಇದರಲ್ಲಿ ಪೂರ್ಣ ಅಂಕ 15. ಪೆಟ್ಟು ಬಿದ್ದವರಿಗೆ 13ರಿಂದ 15 ಬಂದು, ಎಚ್ಚರ ತಪ್ಪಿದ್ದರೂ ಅದು ಅರ್ಧ ಗಂಟೆ ಮೀರದೆ, ಏನಾಯಿತೆಂಬ ನೆನಪು ಒಂದು ದಿನದೊಳಗೆ ಮರಳಿದರೆ ಅದು ಲಘು ಪೆಟ್ಟು. ಇಲ್ಲಿ ನೀವು ಗಮನಿಸಬೇಕಾದ ಅಂಶವೆಂದರೆ ಎಚ್ಚರ ತಪ್ಪಲೇಬೇಕು ಎಂದಿಲ್ಲ. ಕಣ್ಣಿಗೆ ನಕ್ಷತ್ರ ಕಂಡಂತಾಗಿ, ಒಂದು ಗಳಿಗೆ ಎಲ್ಲಿದ್ದೇನೆಂದು ತಿಳಿಯದೆ ನಿಂತು, ಆ ಮೇಲೆ ತಲೆನೋವು, ವಾಕರಿಕೆ, ಮಂಕು ಬಂದರೂ ಸಾಕು, ಮೆದುಳಿಗೆ ಪೆಟ್ಟು ತಾಗಿದೆ ಎಂದು ಅನುಮಾನಿಸಬೇಕು. ಸ್ಕ್ಯಾನ್ ಮಾಡಿಸಿದರೂ ಬಹಳಷ್ಟು ಮಂದಿಯಲ್ಲಿ ಏನೂ ಕಾಣುವುದಿಲ್ಲ. ಸ್ಕ್ಯಾನಿನಲ್ಲಿ ಕಾಣುವುದು ರಕ್ತಸ್ರಾವ, ಮೂಳೆಯ ಬಿರುಕು ಮೊದಲಾದವು. ಮೆದುಳಿನ ಕೆಲಸ ಹದ ತಪ್ಪಿದ್ದು ಅದಕ್ಕೆ ಸಿಗುವುದಿಲ್ಲ.

ಹೆಸರು ಲಘು ಎಂದಿರುವುದರಿಂದಲೇ ಅರ್ಧ ತೊಂದರೆ ಎಂದು ನನ್ನ ಅನಿಸಿಕೆ.

ಎಷ್ಟು ಜನರಿಗೆ?

ನೀವೆಲ್ಲ ಗುಪ್ತ ಕೆಚ್ಚಲು ಬಾವಿನ ಬಗ್ಗೆ ಕೇಳಿದ್ದೀರಿ. ಕೆಚ್ಚಲು ಊದಿ, ಹಾಲು ಗರಣೆಗಟ್ಟಿದ ಹಸು ಕಣ್ಣಿಗೆ ಕಾಣುತ್ತದೆ, ಡಾಕ್ಟರರನ್ನು ಕರೆಸುತ್ತೀರಿ. ಹೊರಗೆ ಏನೂ ತೋರದೆ ಒಳಗೇ ಬಾವು ಇರುವ ಹಸುಗಳ ಸಂಖ್ಯೆ ಇದಕ್ಕಿಂತ ಎಷ್ಟೋ ಹೆಚ್ಚು. ಅವು ಆಸ್ಪತ್ರೆಯ ರಿಜಿಸ್ಟರಿಗೆ ಬರುವುದಿಲ್ಲ, ಹಾಲಿನ ಲೆಕ್ಕದಲ್ಲಿ ಮಾತ್ರ ನಷ್ಟ ಕಾಣಿಸುತ್ತದೆ. ತಲೆಯ ಪೆಟ್ಟಿನ ಕಥೆಯೂ ಹೀಗೆಯೇ.

ವಿಶ್ವ ಆರೋಗ್ಯ ಸಂಸ್ಥೆಯ ಸಹಯೋಗದ ತಜ್ಞರ ತಂಡವೊಂದು ಅಲ್ಲಿಯವರೆಗಿನ ಅಧ್ಯಯನಗಳನ್ನೆಲ್ಲ ಜರಡಿ ಹಿಡಿದು 2004ರಲ್ಲಿ ವರದಿ ಕೊಟ್ಟಿತು. ಅದರ ಪ್ರಕಾರ ಚಿಕಿತ್ಸೆಗೆ ಬರುವ ಮೆದುಳಿನ ಪೆಟ್ಟುಗಳಲ್ಲಿ 100ಕ್ಕೆ 70ರಿಂದ 90 ಲಘುವಾದವು. ಆಸ್ಪತ್ರೆಯಲ್ಲಿ ಲೆಕ್ಕಕ್ಕೆ ಸಿಗುವ ಲಘು ಪೆಟ್ಟುಗಳು ವರ್ಷಕ್ಕೆ ಲಕ್ಷ ಜನರಲ್ಲಿ 100ರಿಂದ 300. ಆದರೆ ಆಸ್ಪತ್ರೆಗೆ ಹೋಗದವರನ್ನೂ ಸೇರಿಸಿಕೊಂಡರೆ ನಿಜವಾದ ಸಂಖ್ಯೆ ಲಕ್ಷಕ್ಕೆ 600ನ್ನು ಮೀರಬಹುದು ಎಂದು ಅವರು ಅಂದಾಜು ಮಾಡಿದರು. ಅಂದರೆ ಕಾಣದೆ ಉಳಿಯುವವರೇ ಕಾಣುವವರಿಗಿಂತ ಹೆಚ್ಚು.

ಈ ಅಂದಾಜು ಸರಿಯೇ ಎಂದು ಕೇಳುವವರಿಗೆ ನ್ಯೂಜಿಲೆಂಡಿನ ವೈಕಾಟೊ ಪ್ರದೇಶದ ಉದಾಹರಣೆ ಇದೆ. ವೈಕಾಟೊ ಹೈನುಗಾರಿಕೆಗೆ ಹೆಸರಾದ ಸೀಮೆ. ಅಲ್ಲಿನ ಹ್ಯಾಮಿಲ್ಟನ್ ನಗರ ಹಾಗೂ ಸುತ್ತಲಿನ ಹಳ್ಳಿಗಾಡು ಸೇರಿ ಸುಮಾರು 1,73,000 ಜನರಲ್ಲಿ 2010ರ ಮಾರ್ಚಿಯಿಂದ ಒಂದು ವರ್ಷ ಕಾಲ ಮೆದುಳಿನ ಪೆಟ್ಟು ಬಿದ್ದವರನ್ನು ಹುಡುಕಿ ಹುಡುಕಿ ಲೆಕ್ಕ ಹಾಕಿದರು. ಆಸ್ಪತ್ರೆಯ ದಾಖಲೆ ಒಂದನ್ನೇ ನಂಬಲಿಲ್ಲ, ಇತರ ಮೂಲಗಳಿಂದಲೂ ವಿಚಾರಿಸಿದರು. ಸಿಕ್ಕ ಲೆಕ್ಕ: ಲಕ್ಷ ಜನರಿಗೆ 790. ಅದರಲ್ಲಿ 749 ಲಘು ಪೆಟ್ಟುಗಳು. ನೂರಕ್ಕೆ ತೊಂಬತ್ತೈದು! ಇನ್ನೊಂದು ಮಾತು, ಲಘುವಲ್ಲದ ದೊಡ್ಡ ಪೆಟ್ಟುಗಳು ನಗರದವರಿಗಿಂತ ಹಳ್ಳಿಗಾಡಿನವರಲ್ಲಿ ಸುಮಾರು ಎರಡೂವರೆ ಪಟ್ಟು ಹೆಚ್ಚಾಗಿದ್ದವು.

ಲಕ್ಷದ ಲೆಕ್ಕ ನಮಗೆ ಕೈಗೆ ಹತ್ತುವುದಿಲ್ಲ. ನಿಮ್ಮ ಸಂಘದ ಲೆಕ್ಕಕ್ಕೆ ಇಳಿಸಿ ನೋಡೋಣ. 200 ಸದಸ್ಯರ ಮನೆಗಳಿದ್ದು, ಮನೆಗೆ ಐವರಂತೆ 1000 ಜನರೆನ್ನಿ. 2004ರ ವರದಿಯ ದರವೇ ಇಲ್ಲಿಗೂ ಹೊಂದುವುದಾದರೆ ವರ್ಷಕ್ಕೆ ಆಸ್ಪತ್ರೆಯ ಪುಸ್ತಕಕ್ಕೆ ಬರುವವರು ಒಬ್ಬರಿಂದ ಮೂವರು. ಪೆಟ್ಟು ಬಿದ್ದವರು ಆರಕ್ಕೂ ಹೆಚ್ಚು. ಹತ್ತು ವರ್ಷಕ್ಕೆ ಅರವತ್ತು. ಈ ದರ ಹೆಚ್ಚಾಗಿ ಮುಂದುವರಿದ ದೇಶಗಳ ಅಧ್ಯಯನಗಳಿಂದ ಬಂದದ್ದು, ನಿಮ್ಮ ಊರಿನ ಎಣಿಕೆಯಲ್ಲ ಎಂಬುದನ್ನು ಮರೆಯಬಾರದು. ಆದರೂ ಸರ್ವಸದಸ್ಯರ ಸಭೆಯಲ್ಲಿ ಕುಳಿತಾಗ ಅಕ್ಕಪಕ್ಕ ಒಮ್ಮೆ ನೋಡಿ.

ಯಾರಿಗೆ ಬೀಳುತ್ತದೆ?

ಎಲ್ಲ ಕಡೆಯ ಲೆಕ್ಕದಲ್ಲೂ ಗಂಡಸರು ಮುಂದಿದ್ದಾರೆ. ವೈಕಾಟೊದಲ್ಲಿ ಹೆಂಗಸರಿಗಿಂತ ಗಂಡಸರಲ್ಲಿ ಒಂದೂಮುಕ್ಕಾಲು ಪಟ್ಟಿನಷ್ಟು. ವಯಸ್ಸು ನೋಡಿದರೆ ಅಲ್ಲಿ ಪೆಟ್ಟು ಬಿದ್ದವರಲ್ಲಿ ಸುಮಾರು 100ಕ್ಕೆ 70 ಮಂದಿ 35 ವರ್ಷದೊಳಗಿನವರು, ಮಕ್ಕಳೂ ಸೇರಿ. ಕಾರಣಗಳಲ್ಲಿ ಬೀಳುವುದೇ ಮೊದಲನೆಯದು, 100ಕ್ಕೆ 38. ವಾಹನ ಅಪಘಾತ 20 ಮಾತ್ರ.

ನಮ್ಮ ದೇಶದ ಚಿತ್ರ ಬೇರೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಡಾ. ಜಿ. ಗುರುರಾಜ್ ಅವರು 2002ರಲ್ಲಿ ಪ್ರಕಟಿಸಿದ ಲೇಖನದ ಪ್ರಕಾರ ಭಾರತದಲ್ಲಿ ಮೆದುಳಿನ ಪೆಟ್ಟುಗಳಿಗೆ ರಸ್ತೆ ಅಪಘಾತ 100ಕ್ಕೆ 60ರಷ್ಟು ಕಾರಣ, ಬೀಳುವುದು 20ರಿಂದ 25, ಹೊಡೆತ ಬಡಿತ 10. ಪೆಟ್ಟು ಬಿದ್ದಾಗ ಮದ್ಯ ಸೇವಿಸಿದ್ದವರು 15ರಿಂದ 20. ಈ ಅಂಕಿಗಳಲ್ಲಿ ನಮಗೂ ಪಾಠವಿದೆ. ಬೆಳಗಿನ ಐದೂವರೆಗೆ ಮಂಜಿನಲ್ಲಿ ಎರಡು ಕಡೆ ಕ್ಯಾನು ತೂಗುಹಾಕಿಕೊಂಡು, ಹೆಲ್ಮೆಟ್ಟನ್ನು ಮನೆಯ ಗೂಟಕ್ಕೆ ಬಿಟ್ಟು, ಇಲ್ಲೇ ಡೇರಿಗಲ್ಲವೇ ಎಂದು ಹೊರಡುವವರು ನಮ್ಮಲ್ಲಿ ಎಷ್ಟು ಮಂದಿ ಇಲ್ಲ? ಮೋಟಾರ್ ಸೈಕಲ್ ಸವಾರರಲ್ಲಿ ಹೆಲ್ಮೆಟ್ ತಲೆಯ ಪೆಟ್ಟಿನ ಸಂಭವವನ್ನು 100ಕ್ಕೆ 69ರಷ್ಟು ಕಡಿಮೆ ಮಾಡುತ್ತದೆ ಎಂದು ಹಲವು ದೇಶಗಳ ಅಧ್ಯಯನಗಳನ್ನು ಕೂಡಿಸಿ 2008ರಲ್ಲಿ ಪ್ರಕಟವಾದ ಪರಿಶೀಲನೆ ಹೇಳಿದೆ. ಕ್ಯಾನಿನ ಭಾರಕ್ಕೆ ಗಾಡಿ ಒಂದೇ ಕಡೆ ವಾಲುತ್ತದೆ. ಬಿದ್ದರೆ ತಲೆ ಮೊದಲು ತಾಗುವುದು ಆ ಕಡೆಗೇ.

ಆದರೆ ಇಂಥ ಅಂಕಿಗಳು ಬಹುಮಟ್ಟಿಗೆ ಆಸ್ಪತ್ರೆಯ ಬಾಗಿಲು ದಾಟಿದವರದು. ರಸ್ತೆಯಲ್ಲಿ ಬಿದ್ದವರನ್ನು ಯಾರಾದರೂ ಎತ್ತಿ ಆಸ್ಪತ್ರೆಗೆ ಸಾಗಿಸುತ್ತಾರೆ, ಪೊಲೀಸು, ವಿಮೆ ಎಂದು ಕಾಗದ ಹುಟ್ಟುತ್ತದೆ. ಕೊಟ್ಟಿಗೆಯಲ್ಲಿ ಒದೆ ತಿಂದ ಹೆಣ್ಣುಮಗಳಿಗೆ ಯಾವ ಕಾಗದವೂ ಹುಟ್ಟುವುದಿಲ್ಲ.

ಮಹಿಳಾ ಸಂಘವೊಂದರ ತರಬೇತಿ ಶಿಬಿರದಲ್ಲಿ ಒಮ್ಮೆ ಕೇಳಿದೆ, ತಲೆಗೆ ಪೆಟ್ಟಾಗಿ ಆಸ್ಪತ್ರೆಗೆ ಹೋದವರು ಯಾರಾದರೂ ಇದ್ದೀರಾ ಎಂದು. ಒಂದು ಕೈ ಎದ್ದಿತು. ಹಸು ಒದ್ದು, ಕೊಂಬು ತಾಗಿ, ಇಲ್ಲವೇ ಸಗಣಿಯಲ್ಲಿ ಜಾರಿ ಬಿದ್ದು ಕಣ್ಣು ಕತ್ತಲೆ ಬಂದವರು ಎಷ್ಟು ಮಂದಿ ಎಂದು ಕೇಳಿದೆ. ಕೈ ಎತ್ತುವ ಬದಲು ಎಲ್ಲರೂ ನಗಲು ಶುರು ಮಾಡಿದರು. ಹಿಂದಿನ ಸಾಲಿನ ಹಿರಿಯರೊಬ್ಬರು, "ಒದೆ ತಿನ್ನದೆ ಹಾಲು ಕರೆಯೋದು ಕಲಿತೋರು ಯಾರಿದಾರೆ ಡಾಕ್ಟ್ರೇ?" ಎಂದರು. ಅರಿಶಿನ ಮೆತ್ತಿಕೊಂಡು, ಮುಸುರೆ ಇಟ್ಟು, ಮಕ್ಕಳನ್ನು ಶಾಲೆಗೆ ಕಳಿಸಿ, ಸಂಜೆ ಮತ್ತೆ ಅದೇ ಹಸುವಿನ ಕೆಳಗೆ ಕುಳಿತವರು ಅವರು. ಲೆಕ್ಕದಲ್ಲಿ ಗಂಡಸರು ಮುಂದಿರುವುದು ನಿಜವೇ. ಆದರೆ ಹಾಲು ಕರೆಯುವವರು ಹೆಚ್ಚಾಗಿ ಹೆಂಗಸರಾದ ನಮ್ಮ ಊರುಗಳಲ್ಲಿ ಆ ಲೆಕ್ಕವನ್ನು ಪೂರ್ತಿ ನಂಬಲು ನನಗೆ ಮನಸ್ಸು ಬರುವುದಿಲ್ಲ.

ಹಸು ಏಕೆ ಒದೆಯುತ್ತದೆ?

ಈಗ ನನ್ನ ಕೆಲಸದ ಮಾತಿಗೆ ಬರುತ್ತೇನೆ. ಕುದುರೆ ಹಿಂದಕ್ಕೆ ಒದೆಯುತ್ತದೆ. ಹಸುವಿನ ಹಿಂಗಾಲು ಮುಂದಕ್ಕೆ ಬಂದು, ಪಕ್ಕಕ್ಕೆ ಬೀಸಿ, ಆ ಮೇಲೆ ಹಿಂದಕ್ಕೆ ಹೋಗುತ್ತದೆ. ಕುಕ್ಕರಗಾಲಲ್ಲಿ ಕುಳಿತು ಕೆಚ್ಚಲಿಗೆ ಕೈ ಹಾಕಿದವರ ತಲೆ ಸರಿಯಾಗಿ ಆ ಬೀಸಿನ ದಾರಿಯಲ್ಲೇ ಇರುತ್ತದೆ. ಒದೆತದ ಜೊತೆಗೆ ಹಿಂದಕ್ಕೆ ಬಿದ್ದು ಕಲ್ಲುಹಾಸಿಗೆ ತಲೆ ಬಡಿದರೆ ಪೆಟ್ಟು ಎರಡಾಯಿತು.

ಹುಟ್ಟುಗುಣದಿಂದ ಒದೆಯುವ ಹಸು ಇಲ್ಲವೆಂದಲ್ಲ, ಆದರೆ ನಾನು ನೋಡಿದ ಮಟ್ಟಿಗೆ ಒದೆಯುವ ಹಸುಗಳಲ್ಲಿ ಬಹಳಷ್ಟಕ್ಕೆ ಎಲ್ಲೋ ನೋವಿರುತ್ತದೆ. ನಿನ್ನೆಯವರೆಗೆ ಸುಮ್ಮನಿದ್ದ ಹಸು ಇಂದು ಕಾಲೆತ್ತಿತೆಂದರೆ ಮೊದಲು ಮೊಲೆತೊಟ್ಟುಗಳನ್ನು ನೋಡಿ. ಬಿರುಕು, ಗುಳ್ಳೆ, ಗಾಯ ಇದೆಯೇ? ಕೆಚ್ಚಲು ಬಿಸಿಯಾಗಿದೆಯೇ, ಒಂದು ಭಾಗ ಗಟ್ಟಿಯಾಗಿದೆಯೇ? ಕರೆಯುವವರ ಉಗುರು ಬೆಳೆದಿದೆಯೇ? ಹೆಬ್ಬೆರಳು ಮಡಚಿ ಹಿಂಡುವ ಅಭ್ಯಾಸವಿದ್ದರೆ ತೊಟ್ಟಿಗೆ ನೋವಾಗುತ್ತದೆ, ಅಂಗೈ ತುಂಬ ಹಿಡಿದು ಕರೆಯುವುದು ಒಳ್ಳೆಯದು. ನೊಣದ ಕಾಟ, ಕಾಲಿನ ಗಾಯ, ಹೊಸಬರು ಕರೆಯಲು ಕೂರುವುದು, ಕರು ಸತ್ತ ಹಸುವಿನ ಕಳವಳ ಇವೆಲ್ಲ ಕಾರಣಗಳೇ. ಚೊಚ್ಚಲ ಹಸುವಂತೂ ಯಾರೂ ಮುಟ್ಟದ ಕೆಚ್ಚಲನ್ನು ಒಮ್ಮೆಲೇ ಹಿಡಿದರೆ ಬೆದರದೆ ಏನು ಮಾಡೀತು? ಗಬ್ಬವಿರುವಾಗಲೇ, ಕರು ಹಾಕುವ ಒಂದೆರಡು ತಿಂಗಳ ಮೊದಲಿನಿಂದ ದಿನವೂ ಹತ್ತಿರ ಹೋಗಿ ಮೈ, ತೊಡೆ, ಕೆಚ್ಚಲ ಸುತ್ತ ಕೈಯಾಡಿಸಿ ರೂಢಿ ಮಾಡಿಸಬೇಕು. ಮೊದಲ ಕೆಲವು ದಿನ ಹಿಂಗಾಲಿಗೆ ಹಗ್ಗ ಕಟ್ಟಿಕೊಂಡು, ತಲೆಯ ಬಳಿ ಪರಿಚಿತರೊಬ್ಬರು ನಿಂತು ಕರೆಯುವುದು ಕ್ಷೇಮ. ಹಸುವಿಗೆ ನೇರ ಹಿಂಭಾಗ ಕಾಣುವುದಿಲ್ಲ. ಹಿಂದಿನಿಂದ ಸದ್ದಿಲ್ಲದೆ ಹೋಗಿ ಕೂರಬೇಡಿ, ಮಾತನಾಡಿಸುತ್ತಾ ಪಕ್ಕದಿಂದ ಹೋಗಿ.

ನೆಲದ ಮಾತು ಚಿಕ್ಕದು. ನುಣ್ಣಗೆ ಗಾರೆ ಮಾಡಿಸಿದ ಕೊಟ್ಟಿಗೆ ನೋಡಲು ಚೆಂದ, ಗಂಜಲ ಬಿದ್ದರೆ ಜಾರುಬಂಡೆ. ಗೆರೆ ಹೊಡೆಸಿ ಒರಟು ಮಾಡಿಸಿ. ಹಸುವಿನ ಕಾಲಿಗೂ ಒಳ್ಳೆಯದು, ನಿಮ್ಮ ತಲೆಗೂ ಒಳ್ಳೆಯದು.

ಒದೆಯದ ಹಸುವಿನ ಒಂದು ಮಾತನ್ನೂ ಹೇಳಬೇಕು. ಬರೆಯಲು ಸಂಕೋಚವಾಗುತ್ತದೆ. ಗರ್ಭ ಪರೀಕ್ಷೆಗೆಂದು ಹೋದ ಒಂದು ಮನೆಯಲ್ಲಿ ಹೆಣ್ಣುಮಗಳ ಕೆನ್ನೆ ಊದಿ ಕಣ್ಣು ಮುಚ್ಚಿತ್ತು. ಹಸು ಒದೆಯಿತು ಎಂದರು. ಆ ಹಸುವನ್ನು ನಾನು ಬಲ್ಲೆ. ಭುಜದವರೆಗೆ ಕೈ ಹಾಕಿದರೂ ಕದಲದ ಸಾಧು ಪ್ರಾಣಿ. ಪಕ್ಕದಲ್ಲಿ ಮನೆಯ ಯಜಮಾನರು ನೆಲ ನೋಡುತ್ತ ನಿಂತಿದ್ದರು. ನಾನು ಏನೂ ಕೇಳದೆ ಎದ್ದು ಬಂದೆ, ಅದು ಈಗಲೂ ಮನಸ್ಸಿನಲ್ಲಿದೆ. 100ಕ್ಕೆ 10 ಎಂಬ ಹೊಡೆತ ಬಡಿತದ ಅಂಕಿಯಲ್ಲಿ ಇಂಥವರು ಸೇರಿರುವುದಿಲ್ಲ, ಏಕೆಂದರೆ ಆಸ್ಪತ್ರೆಗೆ ಹೋದರೂ ಹಸುವಿನ ಮೇಲೆ ಹಾಕುತ್ತಾರೆ. ವೈದ್ಯರಿಗೆ ನಿಜ ಹೇಳಿದರೆ ಚಿಕಿತ್ಸೆ ಸರಿಯಾಗುತ್ತದೆ. ಸಹಾಯ ಬೇಕಾದ ಹೆಣ್ಣುಮಕ್ಕಳಿಗೆ 181 ಎಂಬ ದೂರವಾಣಿ ಸಂಖ್ಯೆ ಇದೆ.

ಮುದುಕರು, ಮಕ್ಕಳು

ವಯಸ್ಸಾದವರು ರಾತ್ರಿ ಎದ್ದು ದನಕ್ಕೆ ಹುಲ್ಲು ಹಾಕಲು ಹೋಗಿ ಎಡವಿ ಬೀಳುತ್ತಾರೆ. ಅವರಲ್ಲಿ ತಲೆಬುರುಡೆಯೊಳಗೆ ರಕ್ತ ನಿಧಾನವಾಗಿ ಜಿನುಗಿ, ಕೆಲವು ದಿನ ಅಥವಾ ವಾರಗಳ ನಂತರ ತೊಂದರೆ ಕಾಣಿಸಿಕೊಳ್ಳುವುದುಂಟು. ಹೃದಯದ ಕಾಯಿಲೆಗೆ ರಕ್ತ ತೆಳುವಾಗುವ ಮಾತ್ರೆ ನುಂಗುವವರು ತಲೆಗೆ ಪೆಟ್ಟು ಬಿದ್ದರೆ ಚೆನ್ನಾಗಿದ್ದಂತೆ ಕಂಡರೂ ಅಂದೇ ಆಸ್ಪತ್ರೆಗೆ ಹೋಗಬೇಕು. ಅಜ್ಜನಿಗೆ ಈಚೆಗೆ ಮರೆವು ಜಾಸ್ತಿ, ನಡಿಗೆ ಸರಿಯಿಲ್ಲ ಎಂದು ವಯಸ್ಸಿನ ಮೇಲೆ ಹಾಕುವ ಮೊದಲು, ತಿಂಗಳೊಳಗೆ ಬಿದ್ದಿದ್ದರೇ ಎಂದು ನೆನಪಿಸಿಕೊಳ್ಳಿ.

ಮಕ್ಕಳು ಅಟ್ಟದಿಂದ, ಹುಲ್ಲಿನ ಬಣವೆಯಿಂದ, ಟ್ರಾಕ್ಟರಿನಿಂದ ಬೀಳುತ್ತಾರೆ. ಕರುವಿನ ಹಗ್ಗ ಕೈಗೆ ಸುತ್ತಿಕೊಂಡು ಎಳೆಸಿಕೊಂಡು ಬೀಳುತ್ತಾರೆ. ಚಿಕ್ಕ ಮಗುವಿಗೆ ತಲೆನೋವು ಎಂದು ಹೇಳಲು ಬಾರದು. ಸುಮ್ಮನೆ ರಚ್ಚೆ ಹಿಡಿಯುವುದು, ಹಾಲು ಊಟ ಬಿಡುವುದು, ಎಂದಿಗಿಂತ ಹೆಚ್ಚು ಮಲಗುವುದು ಇವೇ ಗುರುತುಗಳು.

ಪೆಟ್ಟು ಬಿದ್ದಾಗ

ಮೇಲಿಂದ ಮೇಲೆ ವಾಂತಿ, ಹೆಚ್ಚುತ್ತಲೇ ಹೋಗುವ ತಲೆನೋವು, ಎಬ್ಬಿಸಿದರೂ ಏಳದ ಮಂಪರು, ಫಿಟ್ಸು, ಕಿವಿ ಮೂಗಿನಿಂದ ರಕ್ತ ಅಥವಾ ನೀರು, ಮಾತು ತೊದಲುವುದು, ಒಂದು ಕಡೆ ಕೈಕಾಲು ಸೋಲುವುದು, ಎರಡು ಕಣ್ಣಿನ ಪಾಪೆ ಒಂದೇ ಗಾತ್ರದಲ್ಲಿ ಇಲ್ಲದಿರುವುದು, ಜನರ ಗುರುತು ತಪ್ಪುವುದು: ಇವುಗಳಲ್ಲಿ ಒಂದಿದ್ದರೂ ಬೆಳಗಾಗಲಿ ಎಂದು ಕಾಯದೆ 108ಕ್ಕೆ ಫೋನು ಮಾಡಿ. ಇವು ಇಲ್ಲದಿದ್ದರೂ ವೈದ್ಯರಿಗೆ ತೋರಿಸಿ, ಮೊದಲ ಒಂದೆರಡು ದಿನ ಜೊತೆಯಲ್ಲಿ ಒಬ್ಬರು ಇರಬೇಕು. ನೋವು ಮರೆಯಲೆಂದು ಮದ್ಯ ಕೊಡುವ ಪದ್ಧತಿ ಕೆಲವು ಕಡೆ ಇದೆ, ಅದು ಅಪಾಯ. ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗಬೇಡಿ, ವೈದ್ಯರನ್ನು ಕೇಳಿ.

ಒಂದೆರಡು ದಿನ ವಿಶ್ರಾಂತಿ, ಆ ಮೇಲೆ ಸ್ವಲ್ಪಸ್ವಲ್ಪವಾಗಿ ಕೆಲಸ. ಹೆಚ್ಚಿನವರು ಕೆಲವು ದಿನಗಳಿಂದ ಕೆಲವು ವಾರಗಳಲ್ಲಿ ಸರಿಹೋಗುತ್ತಾರೆ. ಒಂದಷ್ಟು ಜನರಿಗೆ ಮಾತ್ರ ತಲೆನೋವು, ಮರೆವು, ಸಿಡುಕು, ಬೆಳಕು ಸದ್ದು ಸಹಿಸಲಾಗದಿರುವುದು ತಿಂಗಳುಗಟ್ಟಲೆ ಉಳಿಯುತ್ತವೆ. ಅದನ್ನು ಸೋಮಾರಿತನ ಎನ್ನಬೇಡಿ. ಪೂರ್ತಿ ವಾಸಿಯಾಗುವ ಮೊದಲು ಎರಡನೆಯ ಪೆಟ್ಟು ಬೀಳಬಾರದು. ಆದ್ದರಿಂದ ಆ ದಿನಗಳಲ್ಲಿ ಬೈಕು ಬೇಡ, ಮರ ಹತ್ತುವುದು ಬೇಡ, ಒದೆಯುವ ಹಸುವನ್ನು ಮನೆಯಲ್ಲಿ ಬೇರೆಯವರು ಕರೆಯಲಿ. ಗಂಡಸರೂ ಕರೆಯಬಹುದು, ಹಸು ಬೇಡವೆನ್ನುವುದಿಲ್ಲ.

ಇನ್ನು ಆ ಹಾಲು ಪರೀಕ್ಷಕರ ವಿಷಯ. ಸಭೆಯಲ್ಲಿ ಅವರು ತಲೆ ತಗ್ಗಿಸಿ ಕುಳಿತಿದ್ದರೇ ಹೊರತು ಏನೂ ಹೇಳಲಿಲ್ಲ. ಹೊರಗೆ ಕಟ್ಟೆಯ ಮೇಲೆ ಕುಳಿತಿದ್ದ ಅವರ ಹೆಂಡತಿ ಬಾಗಿಲಿಗೆ ಬಂದು, "ಬಿದ್ದ ದಿನದಿಂದ ಇವರು ಹಗಲೆಲ್ಲ ಕಿಟಕಿ ಮುಚ್ಚಿಕೊಂಡು ಮಲಗ್ತಾರೆ, ಉಂಡಿದ್ದು ಮರೆತು ಮತ್ತೆ ಊಟ ಕೇಳ್ತಾರೆ ಸ್ವಾಮಿ" ಎಂದರು. ಆಗ ಕಾರ್ಯದರ್ಶಿಗಳು ಒಂದು ಒಳ್ಳೆಯ ಕೆಲಸ ಮಾಡಿದರು. ಆ ಹದಿನೈದು ದಿನ ಸಂಘ ಕೊಂಡ ಒಟ್ಟು ಲೀಟರನ್ನೂ ಡೇರಿಗೆ ಕಳಿಸಿದ ಒಟ್ಟು ಲೀಟರನ್ನೂ ತಾಳೆ ನೋಡಿದರು. ಸರಿಯಿತ್ತು. ಹಾಲು ಎಲ್ಲಿಗೂ ಹೋಗಿರಲಿಲ್ಲ, ಹೆಸರುಗಳು ಮಾತ್ರ ಕಲಸಿದ್ದವು. ಪರೀಕ್ಷಕರ ಸ್ವಂತ ಮನೆಯ ಹಾಲೂ ಮೂರು ದಿನ ಬೇರೆಯವರ ಖಾತೆಗೆ ಬಿದ್ದಿತ್ತು. ಜಿಲ್ಲಾ ಆಸ್ಪತ್ರೆಯಲ್ಲಿ ಸ್ಕ್ಯಾನು ಸರಿಯಾಗಿದೆ ಎಂದಾಗ ಕೆಲವರಿಗೆ ಮತ್ತೆ ಅನುಮಾನ ಬಂತು. ವೈದ್ಯರು ಲಘು ಪೆಟ್ಟು ಎಂದು ಚೀಟಿಯಲ್ಲಿ ಬರೆದು ವಿಶ್ರಾಂತಿ ಹೇಳಿದ ಮೇಲೆ ಬಾಯಿ ಮುಚ್ಚಿದರು. ಐದು ವಾರ ಅವರ ಮಗಳು ಪುಸ್ತಕ ಬರೆದಳು, ಸದಸ್ಯರ ಪಾಸ್‌ಪುಸ್ತಕ ನೋಡಿ ತಪ್ಪಿದ ಖಾತೆಗಳನ್ನು ಸರಿಪಡಿಸಿದರು. ಆರನೆಯ ವಾರ ಅವರೇ ಬಂದು ಕುಳಿತರು. ಮೊಪೆಡ್ಡಿನ ಹ್ಯಾಂಡಲಿಗೆ ಹೆಲ್ಮೆಟ್ ನೇತಾಡುತ್ತಿತ್ತು. ತಲೆಗೆ ಹಾಕಿಕೊಂಡು ಬಂದಿರೋ, ಹ್ಯಾಂಡಲಿಗೆ ಹಾಕಿಕೊಂಡು ಬಂದಿರೋ ಎಂದು ನಾನು ಕೇಳಿದೆ. ನಕ್ಕು ಫ್ಯಾಟು ನೋಡತೊಡಗಿದರು.